ಬೋರ್ಡು ಬರೆಸುವ ಮೊದಲು

ಹಂಪನಕಟ್ಟೆಗೆ ಆ ಹೆಸರು ಬಂದದ್ದು ಅಪ್ಪಣ್ಣನ ಕಟ್ಟೆಯಿಂದ ಎಂಬ ಮಾತು ಮಂಗಳೂರಿನಲ್ಲಿ ಹಳೆಯದು. ದಾರಿಹೋಕರು ಬೆವರೊರೆಸಿಕೊಂಡು ಕೂರಲೆಂದು ಯಾರೋ ಪುಣ್ಯಾತ್ಮ ಕಟ್ಟಿಸಿದ ಕಟ್ಟೆ. ಅವನ ಹೆಸರು ಬಾಯಿಂದ ಬಾಯಿಗೆ ದಾಟುವಾಗ ಎಲ್ಲಿಯೋ ಒಂದು ಹಕಾರ ಅಂಟಿಸಿಕೊಂಡಿತು. ಅಪ್ಪಣ್ಣ ಯಾರಿಗೂ ನೋಟಿಸು ಕಳಿಸಿದಂತಿಲ್ಲ.

ಈಗ ಅದೇ ವೃತ್ತದಲ್ಲಿ ನಿಂತು ತಲೆಯೆತ್ತಿದರೆ ಆಕಾಶಕ್ಕಿಂತ ಬೋರ್ಡುಗಳೇ ಹೆಚ್ಚು ಕಾಣುತ್ತವೆ. ಜವಳಿ, ಬಂಗಾರ, ಔಷಧ, ಚಪ್ಪಲಿ, ಹೋಟೆಲು. ಇವುಗಳಲ್ಲಿ ಯಾವ ಅಂಗಡಿಯ ಯಜಮಾನರನ್ನು ಕೇಳಿದರೂ ಕೋಣೆಯ ಬಾಡಿಗೆ ಕರಾರು ತೋರಿಸುತ್ತಾರೆ, ಪಾಲಿಕೆಯ ಪರವಾನಗಿ ತೋರಿಸುತ್ತಾರೆ. ಬೋರ್ಡಿನ ಮೇಲಿರುವ ಹೆಸರಿಗೆ ದಾಖಲೆ ಎಲ್ಲಿ ಎಂದರೆ ಮಾತ್ರ ನಗು. ‘ಅದಕ್ಕೆಂತ ದಾಖಲೆ ಮಾರಾಯ್ರೆ, ಅಪ್ಪನ ಕಾಲದಿಂದ ಉಂಟಲ್ಲ!’

ಈ ಉತ್ತರ ಕೇಳಿ ನಗಬೇಡಿ. ನಮ್ಮ ಟ್ರೇಡ್‌ಮಾರ್ಕ್ ಕಾನೂನಿನಲ್ಲಿ ‘ಅಪ್ಪನ ಕಾಲದಿಂದ ಉಂಟು’ ಎಂಬುದಕ್ಕೆ ಬಂಗಾರದ ಬೆಲೆ. ತಿರುನೆಲ್ವೇಲಿಯ ಇರುಟ್ಟುಕಡೈ ಹಲ್ವದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2015ರಲ್ಲಿ ಇದನ್ನೇ ಹೇಳಿತು: ನೋಂದಣಿ ಮಾಡಿಸಿಕೊಂಡವನಿಗಿಂತ ಮೊದಲು ಬಳಸಿದವನ ಹಕ್ಕು ಮೇಲು. ಆದರೆ ‘ಮೊದಲು’ ಎಂಬುದನ್ನು ಕೋರ್ಟು ಬಾಯಿಮಾತಿನಲ್ಲಿ ಒಪ್ಪುವುದಿಲ್ಲ. ಬಿಲ್ಲು, ಜಾಹೀರಾತು, ತೆರಿಗೆಯ ಕಾಗದ, ದಿನಾಂಕವಿರುವ ಯಾವುದಾದರೊಂದು ತುಂಡು ಬೇಕು. ಹೆಸರು, ಕೃತಿ, ಆವಿಷ್ಕಾರಗಳ ಹಕ್ಕು ನೋಡುವ ಬೌದ್ಧಿಕ ಆಸ್ತಿಯ ವಕೀಲರಲ್ಲಿ ಅನುಭವಿ ಯಾರು, ಅರೆಬರೆ ಯಾರು ಎಂಬುದು ಗೊತ್ತಾಗುವ ಜಾಗವೂ ಇದೇ.

ಟ್ರೇಡ್‌ಮಾರ್ಕ್ ಅರ್ಜಿಯಲ್ಲಿ ಒಂದು ಕಲಮು ಇದೆ: ಈ ಗುರುತನ್ನು ಯಾವಾಗಿನಿಂದ ಬಳಸುತ್ತಿದ್ದೀರಿ? ಅಲ್ಲಿ ದಿನಾಂಕ ಬರೆದರೆ ಅದಕ್ಕೆ ಅಫಿಡವಿಟ್ಟು, ಆಧಾರದ ಕಾಗದಗಳು ಜೊತೆಗಿರಬೇಕು. ‘ಮುಂದೆ ಬಳಸಲಿದ್ದೇವೆ’ ಎಂದು ಬರೆದರೆ ಏನೂ ಬೇಡ. ಐದು ನಿಮಿಷದಲ್ಲಿ ಅರ್ಜಿ ಮುಗಿಸುವ ಆತುರದವರು ಎರಡನೆಯದನ್ನೇ ಒತ್ತುತ್ತಾರೆ. ಮೂವತ್ತು ವರ್ಷ ನಡೆದ ಅಂಗಡಿ ಸರಕಾರಿ ಕಡತದಲ್ಲಿ ಇನ್ನೂ ಹುಟ್ಟದ ಕೂಸಾಗುತ್ತದೆ. ನಾಳೆ ಎದುರಾಳಿ ಅದೇ ಕಡತ ತೆರೆದು, ‘ಸ್ವಾಮಿ, ಇವರೇ ಹೇಳಿದ್ದಾರೆ, ಇನ್ನೂ ಶುರು ಮಾಡಿಲ್ಲ ಅಂತ’ ಎಂದರೆ ಬಾಯಿ ಕಟ್ಟಿಹೋಗುತ್ತದೆ. ಅರ್ಜಿಯ ಸರಕಾರಿ ಶುಲ್ಕ ಆನ್‌ಲೈನಿನಲ್ಲಿ ವ್ಯಕ್ತಿಗೆ, ಸಣ್ಣ ಉದ್ದಿಮೆಗೆ ಒಂದು ವರ್ಗಕ್ಕೆ 4,500 ರೂಪಾಯಿ, ದೊಡ್ಡ ಕಂಪೆನಿಗಾದರೆ 9,000. ಶುಲ್ಕ ಕಟ್ಟುವುದಕ್ಕೆ ವಕೀಲರು ಬೇಡ. ಆ ಒಂದು ಕಲಮು ತುಂಬಿಸುವುದಕ್ಕೆ ಬೇಕು.

ವರ್ಗ ಎಂದೆನಲ್ಲ. ಸರಕು, ಸೇವೆಗಳನ್ನೆಲ್ಲ ಕಾನೂನು 45 ವರ್ಗಗಳಾಗಿ ಹಂಚಿದೆ. ಹಾಲು ಒಂದರಲ್ಲಿ, ಐಸ್‌ಕ್ರೀಂ ಇನ್ನೊಂದರಲ್ಲಿ, ಹೋಟೆಲು ಮತ್ತೊಂದರಲ್ಲಿ. ಈ ಹಂಚಿಕೆ ಎಷ್ಟು ದೂರ ಎಳೆಯಬಹುದು ಎಂಬುದಕ್ಕೆ ಕನ್ನಡಿಗರ ಮನೆಮನೆಯ ಹೆಸರೇ ಸಾಕ್ಷಿ. ಕರ್ನಾಟಕ ಹಾಲು ಮಹಾಮಂಡಲ (ಕೆಎಂಎಫ್) ‘ನಂದಿನಿ’ ಹೆಸರನ್ನು 1985ರಿಂದ ಬಳಸುತ್ತಿತ್ತು. ಬೆಂಗಳೂರಿನ ನಂದಿನಿ ಡಿಲಕ್ಸ್ ಹೋಟೆಲು ಶುರುವಾದದ್ದು 1989ರಲ್ಲಿ. ಹೋಟೆಲಿನವರು ತಮ್ಮ ಹೆಸರಿನ ನೋಂದಣಿಗೆ ಹೋದಾಗ ಹಾಲು ಮಹಾಮಂಡಲ ಅಡ್ಡ ಬಂತು. ನೋಂದಣಿ ಕಚೇರಿ ಹೋಟೆಲಿನ ಪರ ತೀರ್ಪಿತ್ತಿತು, ಮೇಲ್ಮನವಿ ಮಂಡಳಿ ಅದನ್ನು ತಿರುಗಿಸಿತು, ಹೈಕೋರ್ಟು ಮಂಡಳಿಯನ್ನು ಎತ್ತಿಹಿಡಿಯಿತು, ಕೊನೆಗೆ 2018ರ ಜುಲೈ 26ರಂದು ಸುಪ್ರೀಂ ಕೋರ್ಟು ಮತ್ತೆ ಹೋಟೆಲಿನ ಕಡೆ ವಾಲಿತು. ಅದು ಹೇಳಿದ್ದಿಷ್ಟು: ನಂದಿನಿ ಪುರಾಣದ ಹಸುವಿನ ಹೆಸರು, ಯಾರೋ ಸೃಷ್ಟಿಸಿದ ಪದವಲ್ಲ. ಒಂದು ವರ್ಗದಲ್ಲಿ ಒಂದೆರಡು ಪದಾರ್ಥ ಮಾರುವವರು ಇಡೀ ವರ್ಗವನ್ನೇ ತಮ್ಮದೆನ್ನುವಂತಿಲ್ಲ. ಹೋಟೆಲಿನ ಗುರುತಿನಲ್ಲಿ ದೀಪವಿದೆ, ಹಾಲಿನ ಗುರುತಿನಲ್ಲಿ ಹಸುವಿದೆ, ಗಿರಾಕಿಗೆ ಗೊಂದಲವಾಗದು. ಹಾಲು, ಹಾಲಿನ ಉತ್ಪನ್ನಗಳನ್ನು ಮಾತ್ರ ಹೋಟೆಲಿನವರು ಬಿಟ್ಟುಕೊಡಬೇಕಾಯಿತು. ಸರಕಾರದ ಬಲವಿರುವ ಸಂಸ್ಥೆಯ ಎದುರು ಒಂದು ಹೋಟೆಲು ದಿಲ್ಲಿಯವರೆಗೆ ಹೋಗಿ ಗೆದ್ದಿತು ಎಂಬುದಕ್ಕಿಂತ, ‘ಹಾಲು ಬಿಡುತ್ತೇವೆ, ಉಳಿದದ್ದು ಕೊಡಿ’ ಎನ್ನುವ ಲೆಕ್ಕಾಚಾರ ನನಗೆ ಹೆಚ್ಚು ಹಿಡಿಸಿತು. ಎಲ್ಲಿ ಬಿಡಬೇಕು ಎಂದು ಕಕ್ಷಿದಾರನಿಗೆ ಹೇಳುವ ಧೈರ್ಯ ಹೊಸ ವಕೀಲರಲ್ಲಿ ಕಡಿಮೆ.

ಬೇಡದ ಹೆಸರನ್ನು ಆರಂಭದಲ್ಲೇ ಬೇಡ ಎನ್ನುವುದೂ ಅಷ್ಟೇ ಮುಖ್ಯ. ಹಂಪನಕಟ್ಟೆಯ ಮಗ್ಗುಲಲ್ಲೇ, ಮಾರ್ಕೆಟ್ ರಸ್ತೆಯಲ್ಲಿ 1975ರ ಮೇ 1ರಂದು ಪ್ರಭಾಕರ ಕಾಮತರು ಐಡಿಯಲ್ ಐಸ್‌ಕ್ರೀಂ ಆರಂಭಿಸಿದರು. ಅರ್ಧ ಶತಮಾನದಲ್ಲಿ ಆ ಪದ ನಮ್ಮೂರಿನಲ್ಲಿ ಅರ್ಥವನ್ನೇ ಬದಲಿಸಿಕೊಂಡಿದೆ. ಮಂಗಳೂರಿನ ಮಗುವಿಗೆ ಐಡಿಯಲ್ ಎಂದರೆ ಆದರ್ಶವಲ್ಲ, ಐಸ್‌ಕ್ರೀಂ. ಆದರೆ ಇವತ್ತು ಹೊಸಬರೊಬ್ಬರು ‘ಉತ್ತಮ’, ‘ಶುದ್ಧ’, ‘ರುಚಿ’ ಎಂಬಂಥ ಹೊಗಳಿಕೆಯ ಪದ ಹಿಡಿದುಕೊಂಡು ಹೋದರೆ ಪರೀಕ್ಷಕರು ಕಾಯ್ದೆಯ 9ನೇ ಸೆಕ್ಷನ್ ತೋರಿಸಿ ಆಕ್ಷೇಪ ಎತ್ತುವ ಸಾಧ್ಯತೆಯೇ ಹೆಚ್ಚು. ಸರಕನ್ನು ಬಣ್ಣಿಸುವ ಪದ ಎಲ್ಲ ವ್ಯಾಪಾರಿಗಳಿಗೂ ಬೇಕಾದದ್ದು. ಅದು ಒಬ್ಬರ ಗುರುತಾಗಬೇಕಾದರೆ ವರ್ಷಾನುಗಟ್ಟಲೆ ಬಳಸಿ, ಜನರ ನಾಲಗೆಗೆ ಅಂಟಿಸಿ ತೋರಿಸಬೇಕು. ಐಸ್‌ಕ್ರೀಂನಲ್ಲೇ ಇದಕ್ಕೆ ತದ್ವಿರುದ್ಧದ ಕತೆ ಗಡ್‌ಬಡ್‌ನದ್ದು. ಉಡುಪಿಯಲ್ಲಿ ಹುಟ್ಟಿತೆಂದು ಹಲವರು ಹೇಳುವ ಆ ಎತ್ತರದ ಗ್ಲಾಸು ಈಗ ಕರಾವಳಿಯ ಪ್ರತಿ ಪಾರ್ಲರಿನ ಮೆನುವಿನಲ್ಲಿದೆ. ಒಬ್ಬರ ಗುರುತಾಗಬಹುದಾಗಿದ್ದ ಹೆಸರು ಒಂದು ತಿಂಡಿಯ ಹೆಸರಾಗಿ ಊರಿಗೆಲ್ಲ ಸೇರಿಬಿಟ್ಟಿತು. ಇದರಿಂದ ತಿನ್ನುವವರಿಗೆ ಲಾಭವೇ ಆಯಿತೆನ್ನಿ.

ಹೆಸರಿನ ಹಕ್ಕು ಬಿಟ್ಟು ಕೃತಿಯ ಹಕ್ಕಿಗೆ ಬಂದರೆ, ಕರಾವಳಿಯ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಪಾಠ ಬಂದದ್ದು ಅಂಗಡಿಯಿಂದ ಅಲ್ಲ, ರಂಗಸ್ಥಳದಿಂದ. ಶಿವರಾಮ ಕಾರಂತರು ಯಕ್ಷಗಾನದ ಹಾಡು, ವೇಷ, ಹೆಜ್ಜೆಗಳನ್ನು ತಮ್ಮ ಕಣ್ಣಿನಲ್ಲಿ ಮತ್ತೆ ಕಟ್ಟಿ ‘ಯಕ್ಷರಂಗ’ ಎಂಬ ಬ್ಯಾಲೆಯ ರೂಪ ಕೊಟ್ಟರು. ‘ಭೀಷ್ಮ ವಿಜಯ’, ‘ನಳ ದಮಯಂತಿ’, ‘ಪಂಚವಟಿ’, ‘ಅಭಿಮನ್ಯು ವಧೆ’ ಸೇರಿದಂತೆ ಏಳು ಪ್ರಸಂಗಗಳು ಹಾಗೆ ಸಿದ್ಧವಾಗಿದ್ದವು. 1994ರ ಜೂನ್ 18ರಂದು ಅವರು ಉಯಿಲು ಬರೆದರು. ಕೃತಿಗಳ ಹಕ್ಕು ತಮ್ಮ ಸಹಾಯಕಿ ಮಾಲಿನಿ ಮಲ್ಯ ಅವರಿಗೆ ಸೇರಬೇಕೆಂದು ಅದರಲ್ಲಿತ್ತು. 1997ರ ಡಿಸೆಂಬರ್ 9ರಂದು ಕಾರಂತರು ತೀರಿಕೊಂಡರು. 2001ರ ಸೆಪ್ಟೆಂಬರಿನಲ್ಲಿ ಮಣಿಪಾಲದ ಅಕಾಡೆಮಿ ಆಫ್ ಜನರಲ್ ಎಜುಕೇಶನ್ ವತಿಯಿಂದ ದೆಹಲಿಯಲ್ಲಿ ‘ಅಭಿಮನ್ಯು ವಧೆ’ ಪ್ರದರ್ಶನವಾಯಿತು. ತಮ್ಮ ಅನುಮತಿ ಕೇಳಲಿಲ್ಲವೆಂದು ಮಲ್ಯರು ಉಡುಪಿಯ ಜಿಲ್ಲಾ ನ್ಯಾಯಾಲಯದಲ್ಲಿ ದಾವೆ ಹೂಡಿದರು.

ಮೇಲ್ನೋಟಕ್ಕೆ ಇದು ಸುಲಭದ ವ್ಯಾಜ್ಯ. ಉಯಿಲಿದೆ, ಹೆಸರಿದೆ, ಮತ್ತೇನು? ಆದರೆ ಉಯಿಲಿನ ಒಂದು ಖಂಡದಲ್ಲಿದ್ದದ್ದು ‘ಸಾಹಿತ್ಯ ಕೃತಿಗಳ’ ಹಕ್ಕು. ಕುಣಿದು, ಹಾಡಿ, ಬೆಳಕಿನಲ್ಲಿ ತೋರಿಸುವ ಬ್ಯಾಲೆ ಸಾಹಿತ್ಯ ಕೃತಿಯೇ? ಕೃತಿಸ್ವಾಮ್ಯ ಕಾಯ್ದೆ ಸಾಹಿತ್ಯ ಕೃತಿ, ನಾಟಕೀಯ ಕೃತಿ ಎಂದು ಬೇರೆಬೇರೆ ಡಬ್ಬಿ ಇಟ್ಟಿದೆ. ಬ್ಯಾಲೆ ಬೀಳುವುದು ಎರಡನೆಯ ಡಬ್ಬಿಗೆ ಎಂದಿತು ಸುಪ್ರೀಂ ಕೋರ್ಟು. ಹಾಗಾದರೆ ಮಲ್ಯರ ಕೈ ತಪ್ಪಿತೇ? ತಪ್ಪಲಿಲ್ಲ. ಉಯಿಲಿನ ಮುಂದಿನ ಖಂಡದಲ್ಲಿ, ಮೇಲೆ ಹೇಳಿದ್ದನ್ನು ಬಿಟ್ಟು ತನ್ನದೆಂದು ಇರುವ ಉಳಿದ ಆಸ್ತಿಯೂ ಅವರಿಗೇ ಎಂಬ ಅರ್ಥದ ಒಂದು ವಾಕ್ಯವಿತ್ತು. ಏಳು ಪ್ರಸಂಗಗಳು ಆ ಒಂದು ವಾಕ್ಯದ ಬಾಗಿಲಿನಿಂದ ಒಳಗೆ ಬಂದವು. ಏಳು ವರ್ಷಕ್ಕೂ ಹೆಚ್ಚು, ಮೂರು ನ್ಯಾಯಾಲಯ. 2009ರ ಜನವರಿ 23ರ ಅಂತಿಮ ತೀರ್ಪು ಮಲ್ಯರ ಹಕ್ಕನ್ನು ಒಪ್ಪಿತು. ಜೊತೆಗೆ, ಶಿಕ್ಷಣ ಸಂಸ್ಥೆಗಳು ಹಣವಿಲ್ಲದೆ ಆಡುವಂಥ ಕೆಲವು ಪ್ರದರ್ಶನಗಳಿಗೆ ಕಾಯ್ದೆಯಲ್ಲೇ ಇರುವ ವಿನಾಯಿತಿಯನ್ನು ತಡೆಯಾಜ್ಞೆ ಕಿತ್ತುಕೊಳ್ಳಬಾರದು ಎಂದು ತಿದ್ದಿತು.

ಕಾರಂತರಂಥ ನಿಷ್ಠುರ ಬುದ್ಧಿಯ ಮನುಷ್ಯ ಬರೆದ ಉಯಿಲಿಗೇ ಇಷ್ಟು ಜಗ್ಗಾಟವಾದರೆ, ಮೇಳಗಳಿಗೆ ಪ್ರಸಂಗ ಬರೆದುಕೊಡುವ ನಮ್ಮ ಕವಿಗಳ ಗತಿ? ಟೆಂಟಿನ ಹೊರಗೆ ಕೈಗೆ ಕೊಟ್ಟ ಕವರಿನಲ್ಲಿ ಹಣವಿತ್ತೇ ಹೊರತು ಹಕ್ಕು ಯಾರಿಗೆ, ಎಷ್ಟು ವರ್ಷಕ್ಕೆ, ವಿಡಿಯೋಕ್ಕೂ ಸೇರಿಯೋ ಎಂಬ ಒಂದು ಸಾಲು ಇರಲಿಲ್ಲ. ಕೃತಿಸ್ವಾಮ್ಯದ ವರ್ಗಾವಣೆ ಬರಹದಲ್ಲೇ ಆಗಬೇಕು, ಸಹಿ ಇರಬೇಕು. ಅವಧಿ ಬರೆಯದಿದ್ದರೆ ಐದು ವರ್ಷ, ಪ್ರದೇಶ ಬರೆಯದಿದ್ದರೆ ಭಾರತ ಎಂದು ಕಾಯ್ದೆಯೇ ಊಹಿಸಿಕೊಳ್ಳುತ್ತದೆ. ಇದನ್ನು ಮೊದಲೇ ತಿಳಿಸಿದವರಿದ್ದರೆ ಎಷ್ಟೋ ಮನಸ್ತಾಪ ತಪ್ಪುತ್ತಿತ್ತು.

ಇನ್ನು ಹೆಸರಿಗೆ ಬೆಲೆ ಎಷ್ಟು ಎಂದು ಕೇಳುವವರಿಗೆ ಬೀಡಿಯ ಲೆಕ್ಕ. ಮಂಗಳೂರು ಗಣೇಶ್ ಬೀಡಿ ವರ್ಕ್ಸ್‌ನ ಹದಿಮೂರು ಪಾಲುದಾರರ ಸಂಸ್ಥೆ 1987ರಲ್ಲಿ ವಿಸರ್ಜನೆಯಾಯಿತು. ವ್ಯಾಜ್ಯ ಹೈಕೋರ್ಟಿಗೆ ಹೋಗಿ, ಪಾಲುದಾರರ ನಡುವೆಯೇ ಹರಾಜಾಗಬೇಕೆಂದು ಆಯಿತು. 1994ರ ನವೆಂಬರಿನಲ್ಲಿ ಮೂವರು ಪಾಲುದಾರರ ಗುಂಪು 92 ಕೋಟಿ ರೂಪಾಯಿಗೆ ಕೂಗಿ ಪಡೆಯಿತು. ಎಲೆ, ತಂಬಾಕು, ದಾರ ಇಷ್ಟೇ ಆದರೆ ಆ ಮೊತ್ತ ಯಾರು ಕೊಡುತ್ತಿದ್ದರು? ಬೀಡಿ ಕಟ್ಟುವ ಕೈ ನಾಳೆ ಇನ್ನೊಂದು ಕಂಪೆನಿಗೂ ಕಟ್ಟಬಲ್ಲದು. ಸೇದುವವನು ಕೇಳುವುದು ಲೇಬಲ್ಲನ್ನು. ಕೊಂಡವರು ಟ್ರೇಡ್‌ಮಾರ್ಕ್, ಕೃತಿಸ್ವಾಮ್ಯ, ತಯಾರಿಕೆಯ ಜ್ಞಾನ ಇವುಗಳ ಮೇಲೆ ಸವಕಳಿಯ ತೆರಿಗೆ ಕಡಿತ ಕೇಳಿದರು. ಆದಾಯ ತೆರಿಗೆ ಇಲಾಖೆ ಒಪ್ಪಲಿಲ್ಲ. 2015ರ ಅಕ್ಟೋಬರ್ 15ರಂದು ಸುಪ್ರೀಂ ಕೋರ್ಟು ಅವರ ಪರ ತೀರ್ಪಿತ್ತಿತು. ಈ ಹೆಸರುಗಳೇ ವ್ಯಾಪಾರದ ಉಪಕರಣ, ಕಾರ್ಖಾನೆಯ ಯಂತ್ರದ ಹಾಗೆ ಎಂಬುದು ಅದರ ಸಾರ. ಹರಾಜಿನ ಹೊತ್ತಿಗೆ ಹೆಸರಿಗಿಷ್ಟು, ಜ್ಞಾನಕ್ಕಿಷ್ಟು ಎಂದು ಲೆಕ್ಕ ಹಾಕಿಸಿ ಇಟ್ಟುಕೊಂಡಿದ್ದರಿಂದ ಇಪ್ಪತ್ತು ವರ್ಷದ ನಂತರ ಅದು ಫಲ ಕೊಟ್ಟಿತು. ಮನೆ ಪಾಲಾಗುವಾಗ ಪಾತ್ರೆಪಗಡ ಎಣಿಸಿ ಹಂಚಿ, ಅಂಗಡಿಯ ಹೆಸರನ್ನು ಇಬ್ಬರು ಅಣ್ಣತಮ್ಮಂದಿರೂ ಹಾಗೆಯೇ ಎತ್ತಿಕೊಂಡು ಹೋಗುವುದು ನಮ್ಮ ಊರಿನ ಸಾಮಾನ್ಯ ದೃಶ್ಯ. ಆಮೇಲೆ ‘ಒರಿಜಿನಲ್’, ‘ನ್ಯೂ’, ‘ಶ್ರೀ’ ಎಂಬ ಬಾಲಗಳು ಬೋರ್ಡಿಗೆ ಬರುತ್ತವೆ. ಕೋರ್ಟಿಗೆ ಹೋದರೆ ಆ ಬಾಲಗಳಿಂದ ಹೆಚ್ಚೇನೂ ಪ್ರಯೋಜನವಿಲ್ಲ.

ಇಷ್ಟು ಕೇಳಿದ ಮೇಲೆ ವಕೀಲರನ್ನು ಹುಡುಕುವುದು ಎಲ್ಲಿ? ಇಲ್ಲೊಂದು ತೊಡಕಿದೆ. ಭಾರತದಲ್ಲಿ ವಕೀಲರು ಜಾಹೀರಾತು ಕೊಡುವಂತಿಲ್ಲ, ಬಾರ್ ಕೌನ್ಸಿಲಿನ 36ನೇ ನಿಯಮ ಅದನ್ನು ತಡೆಯುತ್ತದೆ. ಮೊಬೈಲಿನಲ್ಲಿ ‘ದೇಶದ ಅತ್ಯುತ್ತಮ’ ಎಂದು ಕಾಣಿಸುವ ಪಟ್ಟಿಗಳನ್ನು ನಂಬಿ ಹೋಗಬೇಡಿ. 2024ರ ಜುಲೈಯಲ್ಲಿ ಮದ್ರಾಸ್ ಹೈಕೋರ್ಟು ಇಂಥ ದಂಧೆಯ ವಿರುದ್ಧ ಕಟುವಾಗಿಯೇ ಮಾತಾಡಿದೆ. ಬದಲಿಗೆ ಎರಡು ಸರಕಾರಿ ಕಿಟಕಿಗಳಿವೆ, ಎರಡೂ ಉಚಿತ. ಇ-ಕೋರ್ಟ್ಸ್ ತಾಣದಲ್ಲಿ ವಕೀಲರ ಹೆಸರು ಹಾಕಿ ಹುಡುಕಿದರೆ ಅವರು ನಡೆಸಿದ ಮೊಕದ್ದಮೆಗಳು ಕಾಣುತ್ತವೆ. ಟ್ರೇಡ್‌ಮಾರ್ಕ್ ನೋಂದಣಿಯ ತಾಣದಲ್ಲಿ ಯಾವುದೇ ಅರ್ಜಿ ತೆರೆದರೆ ಅದನ್ನು ಸಲ್ಲಿಸಿದವರ ಹೆಸರು, ಬಂದ ಆಕ್ಷೇಪ, ಕೊಟ್ಟ ಉತ್ತರ ಎಲ್ಲವೂ ಇರುತ್ತದೆ. ಒಬ್ಬರ ಉತ್ತರಗಳನ್ನು ನಾಲ್ಕೈದು ಕಡತಗಳಲ್ಲಿ ಓದಿ ನೋಡಿ. ಎಲ್ಲದಕ್ಕೂ ಅದೇ ಅಚ್ಚು ಎರಡು ಪುಟ ಅಂಟಿಸಿದ್ದರೆ ನಿಮ್ಮದಕ್ಕೂ ಅದನ್ನೇ ಅಂಟಿಸುತ್ತಾರೆ.

ಬೆಂಗಳೂರಿಗೇ ಹೋಗಬೇಕೇ ಎಂಬುದು ಮಂಗಳೂರಿನವರ ಮಾಮೂಲು ಪ್ರಶ್ನೆ. ಟ್ರೇಡ್‌ಮಾರ್ಕ್ ವಿಷಯದಲ್ಲಿ ಕರ್ನಾಟಕಕ್ಕೆ ಸೇರಿದ ಕಚೇರಿ ಇರುವುದು ಚೆನ್ನೈಯಲ್ಲಿ, ಜಿಐ ಟ್ಯಾಗ್ ಕೊಡುವ ಕಚೇರಿಯೂ ಅಲ್ಲೇ. ಮಟ್ಟು ಗುಳ್ಳ ಬದನೆಯ ಕಡತವೂ 2011ರಲ್ಲಿ ಮುದ್ರೆ ಒತ್ತಿಸಿಕೊಂಡು ಬಂದದ್ದು ಅಲ್ಲಿಂದಲೇ. ಅರ್ಜಿ ಆನ್‌ಲೈನಿನಲ್ಲಿ ಹೋಗುವುದರಿಂದ ವಕೀಲರು ಮಂಗಳೂರಿನ ಕೊಡಿಯಾಲಬೈಲಿನಲ್ಲಿ ಕುಳಿತರೂ ಒಂದೇ, ಬೆಂಗಳೂರಿನ ಕೋರಮಂಗಲದಲ್ಲಿ ಕುಳಿತರೂ ಒಂದೇ. ನೋಂದಾಯಿತ ಟ್ರೇಡ್‌ಮಾರ್ಕಿನ ಉಲ್ಲಂಘನೆಗೆ ದಾವೆ ಹೂಡುವುದಾದರೆ ಕಾಯ್ದೆಯ 134ನೇ ಸೆಕ್ಷನ್ ನಿಮ್ಮ ವ್ಯಾಪಾರ ಇರುವ ಊರಿನ ಜಿಲ್ಲಾ ನ್ಯಾಯಾಲಯಕ್ಕೇ ಹೋಗಲು ಬಿಡುತ್ತದೆ. ಕದ್ದವನು ಸೂರತ್ತಿನಲ್ಲಿದ್ದರೂ ನೀವು ಹಂಪನಕಟ್ಟೆಯಿಂದ ನಡೆದೇ ಕೋರ್ಟಿಗೆ ಹೋಗಬಹುದು. ಆದರೆ ನೋಂದಣಿ ಇಲ್ಲದೆ, ‘ನಮ್ಮ ಹೆಸರಿನಲ್ಲಿ ತನ್ನ ಮಾಲು ದಾಟಿಸುತ್ತಿದ್ದಾನೆ’ ಎಂಬ ದಾವೆಗೆ ಈ ಸವಲತ್ತು ಇಲ್ಲ. ಅವನಿರುವಲ್ಲಿ ಅಥವಾ ಮೋಸ ನಡೆದಲ್ಲಿ ಹೂಡಬೇಕು. ಜಾಗ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ‘ಕಾಂತಾರ’ ಚಿತ್ರದ ‘ವರಾಹ ರೂಪಂ’ ಹಾಡಿನ ಗದ್ದಲ ನೆನಪಿರಬಹುದು. ಅದು ತಮ್ಮ ಹಾಡಿನ ನಕಲೆಂದು ಕೇರಳದ ಥೈಕ್ಕುಡಂ ಬ್ರಿಡ್ಜ್ ಸಂಗೀತ ತಂಡ 2022ರ ಅಕ್ಟೋಬರಿನಲ್ಲಿ ಕೋಝಿಕ್ಕೋಡಿನ ನ್ಯಾಯಾಲಯದಿಂದ ತಡೆಯಾಜ್ಞೆ ತಂದಿತು. ಮುಂದಿನ ತಿಂಗಳೇ ಅದೇ ನ್ಯಾಯಾಲಯ ತನಗೆ ವ್ಯಾಪ್ತಿಯಿಲ್ಲವೆಂದು ದಾವೆಯನ್ನು ಮರಳಿಸಿತು. ಹಾಡು ಯಾರದ್ದು ಎಂಬ ಪ್ರಶ್ನೆ ಪಕ್ಕಕ್ಕುಳಿದು, ಕೋರ್ಟು ಯಾವುದು ಎಂಬ ಜಗಳ ಮುಂದಾಯಿತು.

ಪೇಟೆಂಟಿನ ದಾರಿ ಬೇರೆಯೇ. ಅಲ್ಲಿ ಕಾನೂನಿನಷ್ಟೇ ವಿಜ್ಞಾನವೂ ಗೊತ್ತಿರಬೇಕು. ಪೇಟೆಂಟ್ ಏಜೆಂಟ್ ಆಗಲು ವಿಜ್ಞಾನ ಅಥವಾ ಎಂಜಿನಿಯರಿಂಗ್ ಪದವಿ ಇದ್ದು, ಪರೀಕ್ಷೆ ಪಾಸಾಗಿರಬೇಕು. ಅಡಿಕೆ ಮರ ಹತ್ತುವ ಯಂತ್ರ ಮಾಡಿದವರಿಗೆ ನನ್ನದೊಂದೇ ಮಾತು: ಕೃಷಿಮೇಳದಲ್ಲಿ ತೋರಿಸುವ ಮೊದಲು, ಪೇಪರಿನಲ್ಲಿ ಫೋಟೋ ಬರುವ ಮೊದಲು, ತಾತ್ಕಾಲಿಕ ಅರ್ಜಿಯನ್ನಾದರೂ ಹಾಕಿ. ಊರಿಗೆಲ್ಲ ತೋರಿಸಿದ್ದು ಪೇಟೆಂಟಿನ ದೃಷ್ಟಿಯಲ್ಲಿ ಹೊಸತಲ್ಲ. ತಾತ್ಕಾಲಿಕ ಅರ್ಜಿಯಿಂದ ಹನ್ನೆರಡು ತಿಂಗಳು ಸಿಗುತ್ತದೆ, ಅಷ್ಟರಲ್ಲಿ ಪೂರ್ಣ ವಿವರ ಕೊಡಬೇಕು.

ಫೀಸಿನ ಮಾತು ಮುಜುಗರವಿಲ್ಲದೆ ಮೊದಲ ದಿನವೇ ಆಗಲಿ. ಸರಕಾರಿ ಶುಲ್ಕ ಎಷ್ಟು, ತಮ್ಮದೆಷ್ಟು, ಆಕ್ಷೇಪ ಬಂದರೆ ಉತ್ತರಕ್ಕೆ ಬೇರೆಯೋ, ಯಾರಾದರೂ ವಿರೋಧಿಸಿದರೆ ಅದಕ್ಕೆಷ್ಟು ಎಂದು ಬರೆದುಕೊಡಲು ಹೇಳಿ. ಗೆದ್ದರೆ ಇಷ್ಟು ಪಾಲು ಎಂಬ ಒಪ್ಪಂದವನ್ನು ವಕೀಲರು ಮಾಡಿಕೊಳ್ಳುವಂತಿಲ್ಲ. ಅಂಥದ್ದನ್ನು ಅವರಾಗಿಯೇ ಎತ್ತಿದರೆ ಎದ್ದು ಬನ್ನಿ. ಫೀಸು ಬಾಕಿಯಿದೆಯೆಂದು ನಿಮ್ಮ ಕಡತವನ್ನು ಒತ್ತೆ ಇಟ್ಟುಕೊಳ್ಳುವಂತಿಲ್ಲ ಎಂದು ಸುಪ್ರೀಂ ಕೋರ್ಟು 2000ದಲ್ಲೇ ಹೇಳಿದೆ. ಆದರೆ ಕೆಲಸ ಕೆಟ್ಟರೆ ಗ್ರಾಹಕ ನ್ಯಾಯಾಲಯಕ್ಕೆ ಹೋಗುತ್ತೇನೆ ಎಂಬ ಬೆದರಿಕೆ ಈಗ ನಡೆಯದು. 2024ರ ಮೇ 14ರ ತೀರ್ಪಿನ ನಂತರ ವಕೀಲರ ಸೇವೆ ಗ್ರಾಹಕ ಕಾಯ್ದೆಯ ಹೊರಗೆ. ಆರಿಸುವಾಗಲೇ ಕಣ್ಣು ತೆರೆದಿರಬೇಕಾದ್ದು ಇದಕ್ಕೇ. ಮಾನ್ಯತೆ ಪಡೆದ ಸ್ಟಾರ್ಟಪ್ ಆಗಿದ್ದರೆ ಕೇಂದ್ರದ ಯೋಜನೆಯಲ್ಲಿ ನಿಮ್ಮ ಪರ ಅರ್ಜಿ ಸಲ್ಲಿಸುವವರ ಫೀಸನ್ನು ಸರಕಾರವೇ ಭರಿಸುತ್ತದೆ, ನೀವು ಕಟ್ಟುವುದು ಸರಕಾರಿ ಶುಲ್ಕ ಮಾತ್ರ. ಇದು ಗೊತ್ತಿಲ್ಲದೆ ದುಡ್ಡು ಚೆಲ್ಲುವವರು ಬಹಳ ಮಂದಿ.

ಮೊದಲ ಭೇಟಿಯಲ್ಲಿ ಯಾರು ಹೆಚ್ಚು ಮಾತಾಡಿದರು ಎಂಬುದನ್ನು ಗಮನಿಸಿ. ‘ಎಲ್ಲ ನಾವು ನೋಡಿಕೊಳ್ತೇವೆ, ನೀವು ಸಹಿ ಹಾಕಿ’ ಎನ್ನುವವರಿಗಿಂತ ಪ್ರಶ್ನೆ ಕೇಳಿ ತಲೆ ತಿನ್ನುವವರು ಮೇಲು. ಈ ಹೆಸರು ಯಾರು ಇಟ್ಟದ್ದು? ಲೋಗೋ ಬರೆದುಕೊಟ್ಟವನಿಂದ ಕಾಗದ ಬರೆಸಿಕೊಂಡಿದ್ದೀರಾ? ಭಾವನ ಪಾಲು ಇನ್ನೂ ಇದೆಯಾ? ಕಾಸರಗೋಡಿನಲ್ಲಿ ಇದೇ ಹೆಸರಿನವರು ಇದ್ದಾರಲ್ಲ, ಗೊತ್ತಾ? ಹೀಗೆ ಅರ್ಧ ಗಂಟೆ ಕೇಳಿ, ಕೊನೆಗೆ ‘ಈ ಹೆಸರು ಬೇಡ, ಬೇರೆ ಯೋಚಿಸಿ’ ಎಂದರೆ ಬೇಸರ ಪಡಬೇಡಿ. ಹೊಸ ಬೋರ್ಡಿನ ಖರ್ಚು ಉಳಿಸಿಕೊಟ್ಟಿದ್ದಾರೆ.

ಎದುರಿನಿಂದ ನಿಮಗೇ ನೋಟಿಸು ಬಂದರೂ ಗಾಬರಿ ಬೇಡ. ಹದಿನೈದು ದಿನದೊಳಗೆ ಬೋರ್ಡು ಇಳಿಸಿ, ಇಷ್ಟು ಲಕ್ಷ ಕೊಡಿ ಎಂದು ಬರೆದದ್ದು ಕೋರ್ಟಿನ ಆಜ್ಞೆಯಲ್ಲ, ಇನ್ನೊಬ್ಬ ವಕೀಲರ ಪತ್ರ. ಸಿಟ್ಟಿನಲ್ಲಿ ಫೋನು ಮಾಡಿ ಬಾಯಿಗೆ ಬಂದದ್ದು ಹೇಳಬೇಡಿ, ವಾಟ್ಸ್‌ಆ್ಯಪಿನಲ್ಲಿ ಕ್ಷಮೆ ಕೇಳಲೂ ಬೇಡಿ. ಎರಡೂ ನಾಳೆ ಕಡತದಲ್ಲಿ ಕೂರುತ್ತವೆ. ಅದೇ ದಿನ ಪತ್ರ ಹಿಡಿದು ತಿಳಿದವರ ಹತ್ತಿರ ಹೋಗಿ. ನಿಜವಾದ ಗಡುವುಗಳು ಬೇರೆ ಇವೆ: ನೋಂದಣಿ ಕಚೇರಿಯ ಪರೀಕ್ಷಾ ವರದಿಗೆ ಮೂವತ್ತು ದಿನದಲ್ಲಿ ಉತ್ತರ ಹೋಗಬೇಕು; ಟ್ರೇಡ್‌ಮಾರ್ಕ್ ಜರ್ನಲ್‌ನಲ್ಲಿ ಪ್ರಕಟವಾದ ಇನ್ನೊಬ್ಬರ ಗುರುತನ್ನು ವಿರೋಧಿಸಲು ಇರುವುದು ನಾಲ್ಕು ತಿಂಗಳು; ನೋಂದಣಿ ಹತ್ತು ವರ್ಷಕ್ಕೊಮ್ಮೆ ನವೀಕರಣವಾಗಬೇಕು.

ಈ ವಾರ ಒಂದು ಕೆಲಸ ಮಾಡಿ. ಅಂಗಡಿಯ ಅಟ್ಟದ ಮೇಲೆ ಅಪ್ಪನ ಕಾಲದ ಬಿಲ್ಲು ಪುಸ್ತಕ, ಉದ್ಘಾಟನೆಯ ಆಮಂತ್ರಣ, ಪತ್ರಿಕೆಯಲ್ಲಿ ಕೊಟ್ಟ ಮೊದಲ ಜಾಹೀರಾತು, ಜಾತ್ರೆಯ ಸ್ಮರಣ ಸಂಚಿಕೆ ಏನಿದ್ದರೂ ಕೆಳಗಿಳಿಸಿ. ನಮ್ಮ ಊರಿನ ಮಳೆಗಾಲ ಕಾಗದಕ್ಕೆ ಒಳ್ಳೆಯದಲ್ಲ, ಗೆದ್ದಲಿಗೆ ಕೃತಿಸ್ವಾಮ್ಯ ಗೊತ್ತಿಲ್ಲ. ಅದನ್ನೆಲ್ಲ ಒಂದು ಕವರಿನಲ್ಲಿ ಹಾಕಿಕೊಂಡು ವಕೀಲರ ಹತ್ತಿರ ಹೋಗಿ.